ರಸ್ತೆಗೆ ಹಾಸಿದ ಹುರುಳಿ

ಕಾರು ಮನೆಗೆ ಬಂದ ದಿನ ಬೋರಲಿಂಗಯ್ಯ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎತ್ತಾಗಿದ್ರೆ ಹಲ್ಲು ಹಿಡ್ದು ನೋಡ್ಬೋದಿತ್ತು. ಇದ್ರ ವಯಸ್ಸು ಎಲ್ ನೋಡದು?" ಎಂದಿದ್ದ. ಮಗ ಜಯಕುಮಾರ್ ಬಾನೆಟ್ಟು ಒರೆಸುತ್ತ ಆ ಕಡೆ ತಿರುಗಿದ. ಮೂರು ಕೈ ದಾಟಿ ಬಂದ ಕಾರು ಅದು; ವಯಸ್ಸಿನ ಮಾತು ತೆಗೆದರೆ ಅವನಿಗೇ ನಾಚಿಕೆಯಾಗುತ್ತಿತ್ತು.

ಜಯಕುಮಾರ್ ಅದನ್ನು ತಂದದ್ದು ಮಗಳು ರಮ್ಯಾಳಿಗಾಗಿ. ಆ ವರ್ಷಗಳಲ್ಲಿ ಬಿಡದಿ ಸುತ್ತಿನ ರಾಗಿ ಹೊಲಗಳೆಲ್ಲ ಕಾಂಪೌಂಡು ಕಟ್ಟಿಕೊಂಡು ಕಾರ್ಖಾನೆಗಳಾಗುತ್ತಿದ್ದವು. ಅಂಥದೊಂದರಲ್ಲಿ, ಕಾರುಗಳ ಒಳಗಿನ ವೈರುಗಳನ್ನು ಜಡೆಯಂತೆ ಹೆಣೆಯುವ ಕೆಲಸಕ್ಕೆ, ಪಿಯುಸಿ ಮುಗಿಸಿದ ರಮ್ಯಾಳನ್ನು ಕರೆದಿದ್ದರು. ಬೆಳಗಿನ ಪಾಳಿಗೆ ಕಂಪನಿ ಬಸ್ಸು ಚನ್ನಪಟ್ಟಣದ ತನಕ ಬರುತ್ತಿತ್ತು. ವಿರೂಪಾಕ್ಷಿಪುರಕ್ಕಿಂತ ಒಳಗಿದ್ದ ಇವರ ಹಳ್ಳಿಯಿಂದ ಆ ಹೊತ್ತಿಗೆ ಹೊರಡುತ್ತಿದ್ದದ್ದು ಮರಿಯಪ್ಪನ ಹಾಲಿನ ಟೆಂಪೊ ಒಂದೇ. ಅದು ಊರೂರಿನಲ್ಲೂ ನಿಂತು ಕ್ಯಾನು ತುಂಬಿಕೊಂಡು ಪಟ್ಟಣ ಮುಟ್ಟುವುದರೊಳಗೆ ಬಸ್ಸು ರಾಮನಗರ ದಾಟಿರುತ್ತಿತ್ತು. ಮೊದಲ ವಾರ ಮೂರು ಸಲ ತಡವಾಗಿ ಬಂದವರು ಮತ್ತೆ ಬರಬೇಕಾಗಿಲ್ಲ ಎಂದು ಕಂಪನಿಯವರು ಮೊದಲೇ ಹೇಳಿಬಿಟ್ಟಿದ್ದರು.

ಬೋರಲಿಂಗಯ್ಯನಿಗೆ ಈ ಕೆಲಸವೇ ಬೇಡವಾಗಿತ್ತು. ಉಯ್ಯಂಬಳ್ಳಿಯಿಂದ ಸಂಬಂಧವೊಂದು ಬಂದಿತ್ತು. ನೀರಾವರಿ ಜಮೀನು, ಒಬ್ಬನೇ ಮಗ. ಹೊತ್ತು ಹುಟ್ಟುವ ಮುಂಚೆ ಎದ್ದು ಹೋಗುವ ಹುಡುಗಿಯನ್ನು ಯಾರು ಒಪ್ಪುತ್ತಾರೆ ಎಂಬುದು ಅವನ ವಾದ. ಜಗಳವಾಡಿ ಸಾಕಾಗಿ ಅಪ್ಪ ಮಗ ಕಡೆಗೊಂದು ಒಪ್ಪಂದಕ್ಕೆ ಬಂದರು. ರಮ್ಯಾ ವಾರ ದಾಟಿಸಿದರೆ ಕೆಲಸ. ಇಲ್ಲದಿದ್ದರೆ ಭಾನುವಾರ ಉಯ್ಯಂಬಳ್ಳಿಯವರಿಗೆ ಬರಹೇಳುವುದು. ರಮ್ಯಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಹುರುಳಿ ಕಿತ್ತ ಕಾಲ. ಕಣ ಸಾರಿಸಿ ಒಕ್ಕಣೆ ಮಾಡುವುದನ್ನು ಊರು ಯಾವತ್ತೋ ಬಿಟ್ಟಿತ್ತು. ಮನೆ ಮುಂದಿನ ಟಾರು ರಸ್ತೆಗೆ ಬಳ್ಳಿ ಹಾಸಿಬಿಟ್ಟರೆ ಹೋಗಿ ಬರುವ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸುತ್ತಿದ್ದವು. ಕಂಡವರ ಚಕ್ರದಲ್ಲಿ ಬಿಟ್ಟಿ ಒಕ್ಕಣೆ ಎಂದು ಬೋರಲಿಂಗಯ್ಯನೇ ಹಾಸಲು ಹೇಳಿದ್ದ. ಈ ಸಲವಂತೂ ಮನೆಯದೇ ಕಾರಿತ್ತು. ಸಂಜೆಯಾದರೆ ಜಯಕುಮಾರನ ಹೆಂಡತಿ ಲತಾಮಣಿ, "ಇನ್ನೆರಡು ಸುತ್ತು ಹೊಡ್ದುಬುಡಿ" ಎನ್ನುವಳು; ಜಯಕುಮಾರ್ ಹಾಸಿದ ಬಳ್ಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಿಸುವನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನೋಡುವವರಿರಲಿ ಇಲ್ಲದಿರಲಿ, ಅವನು ಹಾರ್ನ್ ಬೇರೆ ಹೊಡೆಯುತ್ತಿದ್ದ.

ಸೋಮವಾರ ವಿರೂಪಾಕ್ಷಿಪುರ ದಾಟುತ್ತಿದ್ದಂತೆ ಸುಟ್ಟ ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ಹೊಗೆ. ನೀರು ಸುರಿದು, ಆರುವ ತನಕ ಕಾದು ಹೊರಡುವ ಹೊತ್ತಿಗೆ ಕಂಪನಿ ಬಸ್ಸು ಹೋಗಿತ್ತು; ರಮ್ಯಾ ಬೇರೆ ಬಸ್ಸು ಹತ್ತಿ ತಡವಾಗಿ ಮುಟ್ಟಿದಳು. ಪಟ್ಟಣದ ಮೆಕ್ಯಾನಿಕ್ ಸಮದ್ ಬಗ್ಗಿ ನೋಡಿ ಬೆಲ್ಟ್ ಬದಲಿಸಿದ. ಮಂಗಳವಾರ ಅದೇ ಜಾಗ, ಅದೇ ವಾಸನೆ. ಈ ಸಲ ಸಮದ್ ರೇಡಿಯೇಟರಿಗೆ ಕೈ ಹಾಕಿದ. "ಹಳೇ ಗಾಡಿ ಅಣ್ಣ, ಒಂದು ಮುಚ್ಚಿದ್ರೆ ಇನ್ನೊಂದು ಬಾಯಿ ಬಿಡ್ತದೆ," ಎಂದ. ಅವನು ನೋಡಿದ್ದೆಲ್ಲ ಮೇಲಿನಿಂದ. ಕಾರಿನ ಕೆಳಗೆ ನುಗ್ಗಲಿಲ್ಲ.

ಆ ರಾತ್ರಿ ಮುದ್ದೆ ಮುರಿಯುತ್ತ ಬೋರಲಿಂಗಯ್ಯ, "ಎಲ್ಡಾಯ್ತು," ಎಂದ. ಅಷ್ಟೇ. ರಮ್ಯಾ ತಟ್ಟೆ ಬಿಟ್ಟು ಎದ್ದಳು. ಜಯಕುಮಾರನ ಮೈಯೆಲ್ಲ ಉರಿದುಹೋಯಿತು. ಮೊಮ್ಮಗಳ ಸೋಲಿಗೆ ಕಾಯುತ್ತ ಕೂತ ಮುದುಕನನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ಬುಧವಾರ ಕಾರು ಸದ್ದಿಲ್ಲದೆ ಪಟ್ಟಣ ಮುಟ್ಟಿತು. ಗುರುವಾರವೂ ಮುಟ್ಟಿತು. ಸಮದನ ಕೈಗುಣ ಎಂದು ಎಲ್ಲರೂ ನಂಬಿದರು. ರಮ್ಯಾ ಸಂಜೆ ಬಂದವಳು ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆಂದು ಅವ್ವನಿಗೆ ಹೇಳಿ ನಗಿಸಿದಳು.

ಅದೇ ಗುರುವಾರ ಮುಸ್ಸಂಜೆ, ಸುತ್ತು ಹೊಡೆದು ಕಾರು ನಿಲ್ಲಿಸಿ ಕೈಕಾಲು ತೊಳೆದು ಬಂದ ಜಯಕುಮಾರನಿಗೆ ಕಾರಿನ ಕೆಳಗೆ ಎರಡು ಪಾದ ಕಂಡವು. ಅಪ್ಪನ ಪಾದ. ಬೋರಲಿಂಗಯ್ಯ ತೆವಳಿಕೊಂಡು ಹೊರಬಂದ. ಕೈಯಲ್ಲಿ ಕುಡುಗೋಲಿತ್ತು. ತಲೆಗೂದಲಲ್ಲಿ ಹುರುಳಿ ಹೊಟ್ಟು. ಸುಗ್ಗಿಯಲ್ಲಿ ಅದು ಯಾರ ತಲೆಯಲ್ಲಿಲ್ಲ?

"ಏನಪ್ಪಾ ಕುಯ್ತಿದ್ದೆ?"

ಮುದುಕ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

"ನಂಗೊತ್ತಾಯ್ತು ಬುಡು. ಸೋಮ್ವಾರ ಯಾಕೆ ನಿಂತ್ಕತು, ಮಂಗಳ್ವಾರ ಯಾಕೆ ನಿಂತ್ಕತು ಅಂತ. ಮಾತಲ್ ಸೋತೆ, ಕುಡ್ಲಲ್ ಗೆಲ್ಲಕ್ ಬಂದ್ಯಾ? ಸ್ವಂತ ಮೊಮ್ಮಗಳ ಅನ್ನಕ್ಕೆ ಮಣ್ಣಾಕ್ತೀಯಲ್ಲ, ನೀನ್ ಒಬ್ಬ ಹಿರೀಕನಾ?"

ಲತಾಮಣಿ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಬೋರಲಿಂಗಯ್ಯ ಪಂಚೆಯ ಧೂಳು ಕೊಡವಿಕೊಂಡ. "ಸರಿ ಕಣಪ್ಪ," ಎಂದ. "ಇನ್ನ ನಿನ್ ಕಾರ್ ಮುಟ್ಟಕಿಲ್ಲ." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಯಕುಮಾರ್ ಆ ರಾತ್ರಿ ಎರಡು ಸಲ ಎದ್ದು ಅಪ್ಪ ಮಲಗಿದ್ದಾನೆಯೇ ಎಂದು ನೋಡಿದ. ಕಳ್ಳನನ್ನು ಕಾಯುವ ಹಾಗೆ ನೋಡಿದ.

ಶುಕ್ರವಾರ ಕಾರು ಓಡಿತು. ಸಂಜೆ ಉಳಿದ ಹುರುಳಿಯನ್ನೆಲ್ಲ ಮೊಣಕಾಲೆತ್ತರ ಹಾಸಿದ್ದರು. ಜಯಕುಮಾರ್ ಎಂದಿಗಿಂತ ಹೆಚ್ಚು ಸುತ್ತು ಹೊಡೆದ. ಜಗಲಿಯ ಮೇಲೆ ಕೂತಿದ್ದ ಬೋರಲಿಂಗಯ್ಯ ನಡುವೆ ಒಮ್ಮೆ ಎದ್ದ, ಏನೋ ಹೇಳಹೊರಟ, ಮತ್ತೆ ಕೂತ. ಆಮೇಲೆ ಕೋಲು ಹಿಡಿದು ಮರಿಯಪ್ಪನ ಮನೆಯ ಕಡೆ ನಡೆದ.

ಶನಿವಾರ ಮಂಜು ದಟ್ಟವಾಗಿ ಕವಿದಿತ್ತು. ವಿರೂಪಾಕ್ಷಿಪುರ ಇನ್ನೂ ಬಂದಿರಲಿಲ್ಲ, ವಾಸನೆ ಬಂತು. "ಅಪ್ಪ," ಎಂದಳು ರಮ್ಯಾ. ಅವನಿಗೂ ಬಂದಿತ್ತು. ನಿಲ್ಲಿಸದೆ ಹೋದರೆ ಹೇಗೋ ಮುಟ್ಟಬಹುದೆಂದು ಆಕ್ಸಿಲರೇಟರ್ ಒತ್ತಿದ. ಕಾಲ ಬುಡದಿಂದ ಹೊಗೆ ನುಗ್ಗಿತು. "ಅಪ್ಪ, ಬೆಂಕಿ," ಎಂದಳು ರಮ್ಯಾ, ಈ ಸಲ ಅವನ ತೋಳು ಹಿಡಿದು.

ಇಬ್ಬರೂ ಹಾರಿ ಇಳಿದರು. ಕಾರಿನ ಕೆಳಗೆ ಕೆಂಪಗೆ ಉರಿಯುತ್ತಿತ್ತು. ರಸ್ತೆ ಬದಿಯ ಮಣ್ಣನ್ನು ಬೊಗಸೆ ಬೊಗಸೆ ಎರಚಿ, ಮಗಳ ಊಟದ ಬ್ಯಾಗಿನಲ್ಲಿದ್ದ ನೀರು ಚೆಲ್ಲಿ ಆರಿಸುವಷ್ಟರಲ್ಲಿ ಅವನ ಅಂಗೈ ಬೊಬ್ಬೆ ಎದ್ದಿತ್ತು. ಬಗ್ಗಿ ನೋಡಿದ. ಚಕ್ರ ತಿರುಗಿಸುವ ದಂಡಕ್ಕೆ ಹುರುಳಿ ಬಳ್ಳಿ ಹಗ್ಗದಂತೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ಒತ್ತಿಕೊಂಡಿತ್ತು. ಒಂದು ಕಡೆ ಹಳೆಯ ಸುತ್ತುಗಳ ತುದಿ ಕಾಣುತ್ತಿತ್ತು. ಕುಡುಗೋಲಿನಿಂದ ನೀಟಾಗಿ ಕೊಯ್ದ ತುದಿ.

ಬುಧವಾರ ಕಾರು ಯಾಕೆ ಓಡಿತೆಂದು, ಅಪ್ಪ ಕಾರಿನ ಕೆಳಗೆ ಏನು ಕೊಯ್ಯುತ್ತಿದ್ದನೆಂದು ಅವನಿಗೆ ಆಗ ತಿಳಿಯಿತು. ಅಲ್ಲೇ ಮಣ್ಣಿನಲ್ಲಿ ಕೂತ. ರಮ್ಯಾ ಅಳಲಿಲ್ಲ. ವಾಚು ನೋಡಿ, ಸೆರಗು ಸಿಕ್ಕಿಸಿ, ಪಟ್ಟಣದ ಕಡೆ ನಡೆಯತೊಡಗಿದಳು. ಎಷ್ಟು ನಡೆದರೂ ಮುಟ್ಟದ ದೂರ ಅದು.

ಅಷ್ಟರಲ್ಲಿ ಹಿಂದಿನಿಂದ ಎರಡು ದೀಪ ಬಂದವು. ಮರಿಯಪ್ಪನ ಟೆಂಪೊ. ಹಿಂಬದಿಯಲ್ಲಿ ಕ್ಯಾನುಗಳೆಲ್ಲ ಖಾಲಿ. ಪಕ್ಕದ ಸೀಟಿನಲ್ಲಿ ಬೋರಲಿಂಗಯ್ಯ. ಮುದುಕ ಇಳಿದು ಬಾಗಿಲು ಹಿಡಿದು ನಿಂತ.

"ಹತ್ತವ್ವ. ಎಲ್ಲೂ ನಿಲ್ಸಕಿಲ್ಲ ಅವ್ನು. ಹಾಲು ವಾಪಸ್ ಬಂದು ತುಂಬ್ಕತಾನೆ. ರಾತ್ರಿನೇ ಒಪ್ಸಿವ್ನಿ."

"ತಾತ," ಎಂದಳು ರಮ್ಯಾ. ಅವನ ಕೈ ಹಿಡಿದು ಹತ್ತಿದಳು.

"ಹೋಗು ಮಗ, ಹೊತ್ತಾಯ್ತದೆ."

ಟೆಂಪೊ ಹೋದ ಮೇಲೆ ರಸ್ತೆಯಲ್ಲಿ ಅಪ್ಪ ಮಗ ಇಬ್ಬರೇ ಉಳಿದರು. ಜಯಕುಮಾರನಿಗೆ ತಲೆ ಎತ್ತಲಾಗಲಿಲ್ಲ. "ಬಳ್ಳಿ ಸುತ್ಕಂಡೈತೆ ಅಂತ ಒಂದ್ ಮಾತ್ ಹೇಳ್ಬಾರ್ದಾಗಿತ್ತಾ?" ಎಂದ.

"ರಸ್ತೇಗ್ ಹಾಸು ಅಂದೋನು ನಾನೇ. ಕೆಲ್ಸಕ್ ಬ್ಯಾಡ ಅಂದೋನೂ ನಾನೇ. ಯಾವ ಬಾಯಲ್ಲಿ ಹೇಳ್ಲಿ?" ಬೋರಲಿಂಗಯ್ಯ ಸೊಂಟದಿಂದ ಕುಡುಗೋಲು ತೆಗೆದ. ಕಾರಿನ ಹತ್ತಿರ ಹೋಗಲಿಲ್ಲ. ಹಿಡಿಯನ್ನು ಮಗನ ಕಡೆ ತಿರುಗಿಸಿ ಚಾಚಿದ. "ನಾನು ಮುಟ್ಟಕಿಲ್ಲ ಅಂದಿವ್ನಿ. ತಗೊ."

ಜಯಕುಮಾರ್ ಕುಡುಗೋಲು ತೆಗೆದುಕೊಂಡು ಬೆನ್ನ ಮೇಲೆ ಮಲಗಿ ಕಾರಿನ ಕೆಳಗೆ ಸರಿದ. ಬೂದಿ ಕಣ್ಣಿಗೆ ಬಿತ್ತು. ಅಲ್ಲಿಂದ ಅವನಿಗೆ ಅಪ್ಪನ ಪಾದಗಳು ಮಾತ್ರ ಕಾಣುತ್ತಿದ್ದವು.

"ತಪ್ಪಾಯ್ತು ಕಣಪ್ಪ," ಎಂದ.

ಆ ಪಾದಗಳು ಒಂದು ಹೆಜ್ಜೆ ಹತ್ತಿರ ಬಂದವು. ಆಮೇಲೆ ಬೋರಲಿಂಗಯ್ಯ ಕಷ್ಟಪಟ್ಟು ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದ.

"ಮೊದ್ಲು ಆ ಬಲಗಡೇದು ಕುಯ್ಯಿ," ಎಂದ. "ಕೈ ಜ್ವಾಕೆ, ಇನ್ನೂ ಸುಡ್ತದೆ."