ಮಗಳು ಏನು ಓದುತ್ತಿದ್ದಾಳೆ

ಗುರಗಾಂವ್‌ನಲ್ಲಿದ್ದ ಒಂದು ಬ್ಯಾಂಕಿನ ವಸೂಲಿ ವಿಭಾಗದಲ್ಲಿ ನಾನು ಮೂರು ವರ್ಷ ಫೋನು ಮಾಡಿದೆ. ಸಾಲದ ಕಂತು ತಪ್ಪಿಸಿದ ಕರ್ನಾಟಕದವರನ್ನು ಹಿಂದಿಯಲ್ಲಿ ಗದರಿಸಿದರೆ ಅವರು ಫೋನು ಕುಕ್ಕಿಬಿಡುತ್ತಿದ್ದರಂತೆ. ಅದಕ್ಕೇ ನಮ್ಮಂಥ ಕನ್ನಡದವರನ್ನು ಹುಡುಕಿ ತಂದು ಕೂರಿಸಿದ್ದರು. "ನಮಸ್ಕಾರ ಅಕ್ಕ, ನಾನು ಹರ್ಷಿಣಿ. ಊಟ ಆಯ್ತಾ?" ಅಂದರೆ ಸಾಕು, ಎಂಥವರೂ ಮೆತ್ತಗಾಗುತ್ತಿದ್ದರು. ಊಟ ಆಯ್ತಾ ಎಂದು ಕೇಳಿದವಳ ಮೇಲೆ ಸಿಟ್ಟು ಮಾಡಲು ನಮ್ಮ ಜನಕ್ಕೆ ಬರುವುದಿಲ್ಲ. ನಮ್ಮ ಟೀಮ್ ಲೀಡರ್ ಸಚ್‌ದೇವ್‌ಗೆ ಬರುತ್ತಿದ್ದ ಕನ್ನಡವೆಂದರೆ ಆ ಎರಡು ಪದ. ಹೊಸದಾಗಿ ಸೇರಿದವರಿಗೆ ಅವನೇ ಅದನ್ನು ಬಾಯಿಪಾಠ ಮಾಡಿಸುತ್ತಿದ್ದ.

ನಾನು ತುಮಕೂರಿನವಳು. ದಿಲ್ಲಿಗೆ ಬಂದದ್ದು ಇತಿಹಾಸದಲ್ಲಿ ಎಂ.ಎ. ಮಾಡಲು. ಅದು ಮುಗಿದ ಮೇಲೆ ಆರು ತಿಂಗಳು ದುಡಿದು, ಕೈಯಲ್ಲಿ ನಾಲ್ಕು ಕಾಸು ಮಾಡಿಕೊಂಡು ಎಂ.ಫಿಲ್‌ಗೆ ಹೋಗೋಣವೆಂದು ಈ ಕೆಲಸಕ್ಕೆ ಸೇರಿದ್ದೆ. ಮೊದಲ ಸಂಬಳದ ಹಿಂದೆಯೇ, ಕೇಳದೆ, ಕ್ರೆಡಿಟ್ ಕಾರ್ಡ್ ಬಂತು. ನಾನೇನು ದುಂದು ಮಾಡಿದವಳಲ್ಲ. ಅಪ್ಪ ಅಮ್ಮನನ್ನು ಒಂದು ಸಲ ವಿಮಾನದಲ್ಲಿ ಕರೆಸಿಕೊಂಡು ಆಗ್ರಾ, ಹರಿದ್ವಾರ ತೋರಿಸಿದೆ. ಒಂದು ಲ್ಯಾಪ್‌ಟಾಪ್ ಕೊಂಡೆ. "ಹಾಸಿಗೆ ಇದ್ದಷ್ಟು ಕಾಲು ಚಾಚಮ್ಮ" ಅಂದರು ಅಪ್ಪ. ಹಾಸಿಗೆಯನ್ನೂ ಕಂತಿನಲ್ಲಿ ಕೊಡುವ ಊರಿನಲ್ಲಿ ಈ ಮಾತು ಯಾರ ಕಿವಿಗೆ ಬೀಳಬೇಕು!

ಕಾರ್ಡಿನ ಬಡ್ಡಿ ಬೆಳೆಯಿತು. ಅದನ್ನು ತೀರಿಸಲು ನಮ್ಮ ಬ್ಯಾಂಕೇ ನೌಕರರಿಗೆಂದು ಕಡಿಮೆ ಬಡ್ಡಿಯ ಸಾಲ ಕೊಟ್ಟಿತು. ಕೆಲಸ ಬಿಟ್ಟರೆ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕಟ್ಟಬೇಕೆಂಬ ಷರತ್ತು ಮೂರನೇ ಪುಟದಲ್ಲಿತ್ತು. ದಿನವಿಡೀ ಊರವರಿಗೆ ಷರತ್ತು ಓದಿ ಹೇಳುವ ಮಹಾತಾಯಿ ನಾನು, ನನ್ನದನ್ನು ಮಾತ್ರ ಓದದೆ ಸಹಿ ಹಾಕಿದ್ದೆ. ಜಾಮೀನು ನಿಂತವಳು ನನ್ನ ರೂಮಿನಲ್ಲಿದ್ದ, ನಮ್ಮ ಬ್ಯಾಂಕಿನಲ್ಲೇ ದುಡಿಯುತ್ತಿದ್ದ ಅದಿತಿ. ನಾನು ಕೈಯೆತ್ತಿದರೆ ಅವಳ ಸಂಬಳಕ್ಕೆ ಕತ್ತರಿ ಬೀಳುತ್ತಿತ್ತು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ನನಗೆ ಎಂ.ಫಿಲ್ ಸೀಟು ಸಿಕ್ಕಿತು. ಎರಡು ಸಲ ಪರೀಕ್ಷೆ ಬರೆದು, ಸಂದರ್ಶನದಲ್ಲಿ ಬೆವರಿ ಪಡೆದ ಸೀಟು. ಮೂರನೇ ಸಲ ಬರೆಯುವ ಶಕ್ತಿ ನನ್ನಲ್ಲಿರಲಿಲ್ಲ. ಜುಲೈ ಮುಗಿಯುವುದರೊಳಗೆ ಸೇರಬೇಕು, ಅದಕ್ಕೆ ಮೊದಲು ಬ್ಯಾಂಕಿನ ಸಾಲ ತೀರಬೇಕು. ಇದ್ದಬದ್ದದ್ದನ್ನೆಲ್ಲ ಗುಡಿಸಿದರೂ ನಲವತ್ತು ಸಾವಿರ ಕಡಿಮೆ ಬಿತ್ತು. ಜೂನ್ ಕೊನೆಗೆ ವಸೂಲಿಯ ಗುರಿ ಮುಟ್ಟಿದರೆ ಮೂವತ್ತು ಸಾವಿರ ಬೋನಸ್ ಇತ್ತು; ಮಿಕ್ಕ ಹತ್ತನ್ನು ಹೇಗಾದರೂ ಹೊಂದಿಸೋಣ ಅಂದುಕೊಂಡೆ. ಇಪ್ಪತ್ತೆಂಟನೇ ತಾರೀಕು, ಶನಿವಾರ, ಗುರಿ ಮುಟ್ಟಲು ಇನ್ನೊಂದೇ ಖಾತೆ ಬೇಕಿತ್ತು.

ಆ ಖಾತೆ ದಾವಣಗೆರೆಯ ಶೈಲಜಾ ಅವರದು. ಎರಡು ಹೊಲಿಗೆ ಯಂತ್ರಕ್ಕೆಂದು ಸಾಲ ಮಾಡಿ, ರವಿಕೆ ಹೊಲಿದು, ಸೀರೆಗೆ ಫಾಲ್ ಹಚ್ಚಿ ಕಟ್ಟಿಕೊಂಡು ಬಂದವರು ಈಗ ನಾಲ್ಕು ಕಂತು ತಪ್ಪಿಸಿದ್ದರು.

"ಈ ತಿಂಗ್ಳು ಆಗಲ್ಲಮ್ಮ, ಖಂಡಿತ ಆಗಲ್ಲ" ಅಂದರು. ಹಿಂದೆ ಯಂತ್ರ ತುಳಿಯುವ ಸದ್ದು ಕೇಳುತ್ತಿತ್ತು.

ಅವರ ಅರ್ಜಿಯಲ್ಲಿ ಒಬ್ಬಳೇ ಮಗಳೆಂದು ಬರೆದಿತ್ತು. "ಆಯ್ತು ಬಿಡಿ ಅಕ್ಕ. ಮಗಳು ಏನು ಓದ್ತಿದಾಳೆ?" ಅಂದೆ.

ಈ ಪ್ರಶ್ನೆ ಸಚ್‌ದೇವ್ ಕಲಿಸಿದ್ದಲ್ಲ, ನನ್ನ ಸ್ವಂತದ್ದು. ನಮ್ಮವರು ದುಡ್ಡಿನ ವಿಷಯ ಬಚ್ಚಿಡುತ್ತಾರೆ, ಮಕ್ಕಳ ವಿಷಯ ಬಚ್ಚಿಡಲಾರರು. ಶೈಲಜಾ ಅವರ ದನಿ ಅರಳಿತು.

"ಪಿಯುಸಿ ಫಸ್ಟ್ ಕ್ಲಾಸಮ್ಮ ನಮ್ ಕೃತಿ. ನರ್ಸಿಂಗ್ ಸೀಟು ಸಿಕ್ಕಿದೆ. ಸೋಮವಾರ ಫೀಸು ಕಟ್ಟೋದು. ನನ್ನ ಬಳೆ ಕೊಟ್ಟು ಇಪ್ಪತ್ತೆಂಟು ಸಾವಿರ ತೆಗ್ದಿಟ್ಟಿದೀನಿ."

ಬ್ಯಾಂಕಿಗೆ ಅವರು ಕಟ್ಟಬೇಕಿದ್ದದ್ದು ಇಪ್ಪತ್ತಾರು. ನಾನು ದನಿ ಎತ್ತಲಿಲ್ಲ. ದನಿ ಎತ್ತುವವರು ಈ ಕೆಲಸದಲ್ಲಿ ದಡ್ಡರು.

"ತುಂಬಾ ಖುಷಿ ಆಯ್ತು ಅಕ್ಕ. ಆದ್ರೆ ಸೋಮವಾರ ನಿಮ್ಮ ಹೆಸರು ಕಟ್ಟದೇ ಇರೋರ ಪಟ್ಟಿಗೆ ಹೋಗುತ್ತೆ. ಆಮೇಲೆ ಮಗಳ ಎರಡನೇ ವರ್ಷಕ್ಕೆ ಅಂತ ಯಾವ ಬ್ಯಾಂಕಿಗೆ ಹೋದ್ರೂ ಒಂದು ರೂಪಾಯಿ ಕೊಡಲ್ಲ. ಸೀಟು ಮುಂದಿನ ವರ್ಷನೂ ಸಿಗುತ್ತೆ. ಹೆಸರು ಕೆಟ್ರೆ ಮತ್ತೆ ಬರಲ್ಲ. ತಂಗಿ ಹೇಳ್ತಿದಾಳೆ ಅಂದ್ಕೊಳ್ಳಿ."

ಯಂತ್ರದ ಸದ್ದು ನಿಂತಿತು. ಶೈಲಜಾ ಅವರು ಕೇಳಿದರು. "ನೀವು ಓದಿದೋರು. ನೀವಾಗಿದ್ರೆ ಏನ್ಮಾಡ್ತಿದ್ರಿ?"

"ಮೊದ್ಲು ಸಾಲ ತೀರಿಸ್ತಿದ್ದೆ ಅಕ್ಕ."

ಅದು ಸುಳ್ಳಲ್ಲ. ನಾನು ಆಗ ಮಾಡುತ್ತಿದ್ದದ್ದೂ ಅದನ್ನೇ, ಅವರ ದುಡ್ಡಿನಲ್ಲಿ. ನಂಬಿಕೆ ಬರಲೆಂದು ನನ್ನ ಸ್ವಂತ ಮೊಬೈಲ್ ನಂಬರನ್ನೂ ಕೊಟ್ಟೆ.

ಸೋಮವಾರ ಮಧ್ಯಾಹ್ನ ಹಣ ಬಂತು. ಸಚ್‌ದೇವ್ ಲಡ್ಡು ತರಿಸಿ ಎಲ್ಲರಿಂದ ಚಪ್ಪಾಳೆ ಹೊಡೆಸಿದ. ನನಗೆ ನಾಚಿಕೆಯಾಯಿತು, ನಿಜ. ನಾಚಿಕೆಗಿಂತ ಹೆಚ್ಚು ನಿರಾಳವಾಯಿತು, ಅದೂ ನಿಜ. ಲಡ್ಡು ಪೂರ್ತಿ ತಿಂದೆ.

ಹತ್ತು ದಿನ ಬಿಟ್ಟು ಶೈಲಜಾ ಅವರೇ ಫೋನು ಮಾಡಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಮ್ಮ ಮಾತು ಕೇಳಿ ಹೆಸರು ಉಳೀತಮ್ಮ. ಸೀಟು ಹೋಯ್ತು. ಹುಡುಗಿ ಊಟ ಬಿಟ್ಟು ಕೂತಿದಾಳೆ. ನಿಮ್ಮ ಆಫೀಸಲ್ಲಿ ಅವಳಿಗೊಂದು ಕೆಲಸ ಸಿಗುತ್ತಾ? ಚೆನ್ನಾಗಿ ಮಾತಾಡ್ತಾಳೆ."

ಬೇಡ ಅಕ್ಕ, ಇಲ್ಲಿಗೆ ಮಾತ್ರ ಕಳಿಸಬೇಡಿ ಅನ್ನಬೇಕಿತ್ತು. ವಿಚಾರಿಸಿ ಹೇಳುತ್ತೇನೆ ಅಂದೆ. ಮರುದಿನ ಕೆಲಸ ಬಿಡುತ್ತೇನೆಂದು ಸಚ್‌ದೇವ್‌ಗೆ ಹೇಳಿದಾಗ ಅವನು ತಲೆ ಚಚ್ಚಿಕೊಂಡ. "ಅರೆ ಯಾರ್, ಕನ್ನಡ್‌ವಾಲಿ ಅಬ್ ಕಹಾಂ ಮಿಲೇಗಿ?" ಎಂದು, ಕನ್ನಡದವಳನ್ನು ಇನ್ನೆಲ್ಲಿ ಹುಡುಕಲೆಂದು ಗೊಣಗಿ, ಆಮೇಲೆ ಒಂದು ಉಪಾಯ ಹೇಳಿದ. ನಾನೇ ನನ್ನ ಜಾಗಕ್ಕೆ ಕನ್ನಡದ ಹುಡುಗಿಯೊಬ್ಬಳನ್ನು ಕೊಟ್ಟರೆ ಬ್ಯಾಂಕು ಹತ್ತು ಸಾವಿರ ಕೊಡುತ್ತದಂತೆ.

ಸರಿಯಾಗಿ ಹತ್ತು. ಯೋಚಿಸುವೆನೆಂದು ಹೇಳಿ ಕ್ಯಾಂಟೀನಿಗೆ ಹೋದೆ. ಚಹಾ ಮುಗಿಯುವ ಮೊದಲೇ ಎದ್ದು ಬಂದು ಕೃತಿಯ ಹೆಸರು ಬರೆದುಕೊಟ್ಟೆ.

ಜುಲೈ ಕೊನೆಯ ವಾರ ತಾಯಿ ಮಗಳು ರೈಲಿನಲ್ಲಿ ಬಂದಿಳಿದರು. ನಾನೇ ಹೋಗಿ ಕರೆತಂದೆ. ಶೈಲಜಾ ಅವರು ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಪ್ಲಾಟ್‌ಫಾರಂ ಮೇಲೆಯೇ ನನ್ನ ಕೆನ್ನೆ ಸವರಿ ನೆಟಿಕೆ ಮುರಿದು, "ನಿಮ್ಮಿಂದ ನಮಗೊಂದು ದಾರಿ ಆಯ್ತು ತಾಯಿ" ಅಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೃತಿ ಚೀಲವನ್ನು ಅವಚಿಕೊಂಡು ನಿಂತಿದ್ದಳು. ಆಟೋ ಹತ್ತುವಾಗ ಅಮ್ಮನಿಗೆ ಕೇಳಿಸದ ಹಾಗೆ ಕೇಳಿದಳು.

"ಅಕ್ಕ, ಮುಂದಿನ ವರ್ಷ ನಾನು ನರ್ಸಿಂಗ್‌ಗೆ ಸೇರ್ಕೋಬಹುದಲ್ವಾ?"

"ಸೇರ್ಕೋಬಹುದು ಪುಟ್ಟ" ಅಂದೆ. ಫೋನಿನಲ್ಲಿ ಮಾತಾಡುವ ಅದೇ ದನಿ ಬಂತು; ಬೇರೆ ದನಿ ನನ್ನಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಸಾಲ ತೀರಿದ ಪತ್ರ ತೆಗೆದುಕೊಂಡು, ಬಸ್ಸು ಹಿಡಿದು ವಿಶ್ವವಿದ್ಯಾಲಯಕ್ಕೆ ಹೋಗಿ ಫೀಸು ಕಟ್ಟಿದೆ. ರಸೀದಿಯಲ್ಲಿ ನನ್ನ ಹೆಸರೇ ಇತ್ತು.