ಮೂರನೆಯ ಸುತ್ತು

ಹುಮನಾಬಾದಿನ ಬಸ್ಸು ರಾಜೇಶ್ವರ ಊರು ದಾಟುವಷ್ಟರಲ್ಲಿ ಪ್ರೇಮಕುಮಾರ ಸಭಾಂಗಣದಲ್ಲಿ ಕೇಳಿಬರುವ ನಾಲ್ಕು ಬಗೆಯ ಕೆಮ್ಮು ಕೆಮ್ಮಿ ತೋರಿಸಿದ್ದ. ಮೊದಲನೆಯದು ಸೋಫಾದಲ್ಲಿ ಕೂತ ಪುಢಾರಿಯ ಕೆಮ್ಮು, ತಾನು ಬಂದಿದ್ದೇನೆಂದು ಸಾರುವಂಥದ್ದು. ಎರಡನೆಯದು ಕುರ್ಚಿಯಲ್ಲೇ ನಿದ್ದೆ ಹೋಗಿ ಎಚ್ಚರಾದವನದು, ತಾನು ಮಲಗಿರಲೇ ಇಲ್ಲವೆಂದು ಆಣೆ ಮಾಡುವಂಥದ್ದು. ಪಕ್ಕದವರು ಕೆಮ್ಮಿದರಲ್ಲ ಎಂದು ಕೆಮ್ಮುವವರದು ಮೂರನೆಯದು. ನಾಲ್ಕನೆಯದು ಸಂಘಟಕರದು, ನೇರ ಮೈಕಿನ ಬಾಯಿಗೇ. ಅದನ್ನು ಕೇಳಿ ಮುಂದಿನ ಸೀಟಿನ ಮುದುಕ ಹಿಂತಿರುಗಿ, ಕಿಸೆಯಿಂದ ಒಂದು ಲವಂಗ ತೆಗೆದುಕೊಟ್ಟ.

"ತಗೋರಿ ಮಾಸ್ತರ್, ಬಾಯಾಗ ಇಟ್ಕೋರಿ. ಭಾಳ ಒಣಾ ಕೆಮ್ಮ ಅದ."

ಪಕ್ಕದಲ್ಲಿದ್ದ ಫರಹತ್ ಆಪಾ ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ನಕ್ಕರು. ಪ್ರೇಮಕುಮಾರ ಮಾಸ್ತರನಲ್ಲ. ಬಸವಕಲ್ಯಾಣದ ಬಸ್‌ಸ್ಟ್ಯಾಂಡ್ ಎದುರು ಝೆರಾಕ್ಸ್ ಅಂಗಡಿ ಇಟ್ಟವನು. ಇನ್ನೊಬ್ಬರದನ್ನು ಇದ್ದದ್ದಿದ್ದಂತೆ ತೆಗೆದುಕೊಡುವ ಕಸುಬು ಅವನ ಮಷಿನ್ನಿನಲ್ಲೂ ನಡೆಯುತ್ತಿತ್ತು, ಗಂಟಲಲ್ಲೂ ನಡೆಯುತ್ತಿತ್ತು. ನಿಜವಾದ ಮಾಸ್ತರಿಕೆ ಮಾಡಿದವರು ಆಪಾ, ಉರ್ದು ಶಾಲೆಯಲ್ಲಿ ಮೂವತ್ತೊಂದು ವರ್ಷ. ಇಬ್ಬರನ್ನೂ ಒಂದೇ ಬಸ್ಸು ಹತ್ತಿಸಿದ್ದು ಬ್ಯಾಲೆಯ ಹುಚ್ಚು. ನೃತ್ಯರೂಪಕದ ಪೋಸ್ಟರು ಎಲ್ಲಿ ಕಂಡರೂ, ಬೀದರಾಗಲಿ ಕಲಬುರಗಿಯಾಗಲಿ, ಹೊರಟುಬಿಡುತ್ತಿದ್ದರು. ಇಂಥ ಹನ್ನೊಂದು ಜನ ಸೇರಿ ವಾಟ್ಸ್ಯಾಪಿನಲ್ಲಿ 'ಮೂರನೇ ಸಾಲು' ಎಂಬ ಗುಂಪು ಮಾಡಿಕೊಂಡಿದ್ದರು. ಮೊದಲೆರಡು ಸಾಲು ಗಣ್ಯರಿಗೆ ಮೀಸಲು, ಪ್ರೇಕ್ಷಕ ಅನ್ನುವವನು ಶುರುವಾಗುವುದೇ ಮೂರರಿಂದ ಎಂಬುದು ಪ್ರೇಮಕುಮಾರನ ವಾದ.

"ಇನ್ನ ಆ ನೀರಿನಾಕೀದು ಮಾಡು," ಎಂದರು ಆಪಾ.

ಅದು ಅವನ ಹೆಸರುವಾಸಿ ಐಟಂ. ಹಿಂದೊಮ್ಮೆ ಬಸವಕಲ್ಯಾಣದಲ್ಲಿ ಬಾಯಾರಿಕೆಯಿಂದ ಬಳಲುವ ಸನ್ಯಾಸಿಯ ಅಭಿನಯ ನಡೆದಾಗ, ನರ್ತಕಿಯ ತಾಯಿ ತುಂಬಿದ ತಂಬಿಗೆ ಹಿಡಿದು ಸೀದಾ ರಂಗ ಹತ್ತಿದ್ದಳು. ಪ್ರೇಮಕುಮಾರ ಕೂತಲ್ಲೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಂತೆ ಮಾಡಿ, ಗಲ್ಲಕ್ಕೆ ಕೈಹಚ್ಚಿ ದನಿ ತೆಗೆದ: "ಯವ್ವಾ, ಎಷ್ಟ ಬಿಸಲಾಗ ಕುಣಸಾಕತ್ತಾರ ನನ್ನ ಕೂಸಿಗಿ! ಕುಡಿ ಮಗಾ, ಆಮ್ಯಾಲ ಸನ್ಯಾಸ ಮಾಡು." ಕಂಡಕ್ಟರನೂ ನಕ್ಕ.

ನಗು ಇಳಿದ ಮೇಲೆ ಮಾತು ಐಶ್ವರ್ಯಳ ಕಡೆಗೆ ಹೊರಳಿತು. ಮೂರು ವಾರದಿಂದ ಹೊರಳುತ್ತಲೇ ಇತ್ತು. ಈ ದಿನ ಹುಮನಾಬಾದಿನಲ್ಲಿ ಕಲಬುರಗಿಯ ತಂಡದ 'ಸುದ್ದಿ ತಂದವಳು' ಇತ್ತು. ಶತ್ರುಗಳ ದಂಡು ಬರುತ್ತಿದೆಯೆಂದು ತನ್ನ ಊರಿಗೆ ತಿಳಿಸಲು ರಾತ್ರಿಯೆಲ್ಲ ಓಡುವ ಹುಡುಗಿಯ ಕಥೆ. ಕೊನೆಯಲ್ಲಿ ಅವಳು ಇಡೀ ರಂಗವನ್ನು ಮೂರು ಸುತ್ತು ಓಡಿ, ಊರಬಾಗಿಲಲ್ಲಿ ಬಿದ್ದು ಸಾಯುತ್ತಾಳೆ. ಇದುವರೆಗೆ ಆ ಪಾತ್ರ ಜಯಮಾಲಾ ಎಂಬ ಅನುಭವಿ ನರ್ತಕಿಯದಾಗಿತ್ತು. ಇವತ್ತು ಮೊದಲ ಸಲ ಮಂಠಾಳದ ಐಶ್ವರ್ಯ. ಇದನ್ನು ದಾಟಿದರೆ ಮುಂದಿನ ಹದಿನಾಲ್ಕು ಪ್ರದರ್ಶನವೂ ಅವಳದೇ ಎಂದು ತಂಡದ ಗುರುಗಳು ಹೇಳಿದ್ದರು.

"ಮೊದಲನೇ ಸುತ್ತು ಕಾಲಿಂದು," ಆಪಾ ಬೆರಳು ಮಡಚಿದರು. "ಎರಡನೇದು ಉಸಿರಿಂದು. ಮೂರನೇದು ದಿಲ್‌ದು. ಜಯಮಾಲಾಗ ಆ ಮೂರನೇ ಸುತ್ತಿಗಿ ಹತ್ತ ವರ್ಷ ಹಿಡೀತು. ಈ ಹುಡ್ಗಿ ಅಚ್ಛಾ ಅದಾಳ, ಆದ್ರ ಕಚ್ಚಾ ಅದಾಳ."

"ಆಪಾ, ಆಕಿಗಿ ಸಾಲಿ ಗ್ಯಾದರಿಂಗಿನ ಕುಣಿತದಾಗ ಮೊದ್ಲ ಗುರ್ತು ಹಿಡದಾಂವ ನಾ. ಅವತ್ತೇ ಗ್ರೂಪಿನ್ಯಾಗ ಹಾಕಿದ್ನಿಲ್ಲೋ? ಇವತ್ತು ಮೂರನೇ ಸುತ್ತಿನ್ಯಾಗ ನಿಮ್ಮ ಕಣ್ಣಾಗ ನೀರು ಬರ್ತದ ನೋಡ್ರಿ."

"ಬಂದ್ರ ಪಾಸ್," ಎಂದರು ಆಪಾ. "ಮೂವತ್ತೊಂದು ವರ್ಷದಾಗ ನಾ ಪುಕ್ಕಟ್ಟೆ ಯಾರಿಗೂ ಪಾಸ್ ಮಾಡಿಲ್ಲ."

ಪ್ರದರ್ಶನ ನಾಲ್ಕು ಗಂಟೆಗೆ, ಕಾಲೇಜಿನ ಸಭಾಂಗಣದಲ್ಲಿ. ಬಾಗಿಲಲ್ಲಿ ನಿಂತು ಪ್ರೇಮಕುಮಾರ ತನ್ನ ಅಂಗಡಿಯಲ್ಲೇ ತೆಗೆದ ಚೀಟಿಗಳನ್ನು ಹಂಚಿದ. ಮೊಬೈಲ್ ಬಂದ್, ಮಾತು ಬಂದ್, ನಡುವೆ ಏಳುವುದು ಬಂದ್. ಗುಂಪಿನವರು ಹೋದಲ್ಲೆಲ್ಲ ಇದನ್ನು ಹಂಚುತ್ತಿದ್ದರು. ಹಸಿರು ಇಳಕಲ್ ಸೀರೆಯ ಹೆಣ್ಣುಮಗಳೊಬ್ಬಳು ಚೀಟಿಯನ್ನು ಆಚೀಚೆ ತಿರುಗಿಸಿ ನೋಡಿದಳು.

"ಏನ್ ಬರದಾರ್ರಿ ಇದ್ರಾಗ?"

"ಆಟ ಮುಗಿಯೂತನ ಕುಂತ ಜಾಗಾ ಬಿಡಬ್ಯಾಡ್ರಿ ಅಂತ ಬರದಾರ್ರಿ ಅಕ್ಕಾರ."

"ಹೂಂನ್ರಿ," ಎಂದು ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲದಲ್ಲಿಟ್ಟುಕೊಂಡಳು. ನಾಲ್ಕನೆಯ ಸಾಲಿನಲ್ಲಿ, ಸರಿಯಾಗಿ ಅವರಿಬ್ಬರ ಬೆನ್ನಿಗೆ ಬಂದು ಕೂತಳು.

ಅರ್ಧ ತಾಸಿನಲ್ಲೇ ಆಪಾ ಬೆನ್ನು ನೆಟ್ಟಗೆ ಮಾಡಿದ್ದರು. ಅದು ಒಳ್ಳೆಯ ಲಕ್ಷಣ. ಐಶ್ವರ್ಯ ಹೆಜ್ಜೆ ಇಟ್ಟಲ್ಲಿ ನೆಲ ಸದ್ದು ಮಾಡುತ್ತಿರಲಿಲ್ಲ. ಮುಳ್ಳುಕಂಟಿ, ಹೊಲದ ಬದು, ಕತ್ತಲೆಯ ಹಳ್ಳ ಎಲ್ಲವೂ ಬರಿಯ ಹಲಗೆಯ ಮೇಲೆ ಕಾಣುತ್ತಿದ್ದವು. ಯಾರದೋ ಮೊಬೈಲು ಹೊಡೆದುಕೊಂಡಿತು. ಪ್ರೇಮಕುಮಾರ ಹೊರಳಿ ನೋಡಿದ ನೋಟಕ್ಕೆ ಅದು ತಾನಾಗಿಯೇ ಸತ್ತಂತಾಯಿತು.

ಕೊನೆಯ ಓಟ ಶುರುವಾಯಿತು. ಮೊದಲ ಸುತ್ತಿನ ನಡುವೆ ಹಳ್ಳ ದಾಟುವ ನೆಗೆತವಿದೆ. ಐಶ್ವರ್ಯ ನೆಗೆದಳು, ಜಯಮಾಲಾಗಿಂತ ಒಂದು ಗೇಣು ಎತ್ತರ. ಇಳಿದಾಗ ಟಪ್ ಎಂದು ಒಂದು ಸದ್ದು. ಮೃದಂಗದವನು ಒಂದು ಪೆಟ್ಟು ಹೆಚ್ಚು ಹಾಕಿದನೆಂದು ಪ್ರೇಮಕುಮಾರ ಹುಬ್ಬು ಗಂಟಿಕ್ಕಿದ. ಹುಡುಗಿ ಒಂದು ಮೊಣಕಾಲ ಮೇಲೆ ಕುಸಿದು, ತಾಳದ ಎರಡು ಆವರ್ತ ಹಾಗೇ ಇದ್ದು ಎದ್ದಳು. ಎರಡನೆಯ ಸುತ್ತು ಕುಂಟುತ್ತ ಹೊರಟಳು.

"ಇದು ಹೊಸಾದು," ಆಪಾ ಪಿಸುಗುಟ್ಟಿದರು. "ಜಯಮಾಲಾ ಕುಂಟಿದ್ದಿಲ್ಲ."

"ರಾತ್ರಿಪೂರಾ ಓಡಿದಾಕಿ ಕುಂಟಲಾರದ ಹ್ಯಾಂಗ ಇರ್ತಾಳ್ರಿ? ಜಯಮಾಲಾ ಬರೇ ಓಡತಿದ್ಲು. ಈಕಿ ವಿಚಾರ ಮಾಡ್ಯಾಳ."

ಹಿಂದೆ ಕಬ್ಬಿಣದ ಕುರ್ಚಿ ಕಿರ್ರೆಂದಿತು. ಹಸಿರು ಸೀರೆಯವಳು ಎದ್ದು ನಿಂತಿದ್ದಳು.

"ನಿಲ್ಲಸ್ರಿ," ಎಂದಳು. ದನಿ ದೊಡ್ಡದಿರಲಿಲ್ಲ. "ಯಪ್ಪಾ, ಯಾರರೇ ಅದನ್ನ ನಿಲ್ಲಸ್ರಿ."

ಪ್ರೇಮಕುಮಾರನಿಗೆ ಮೈಯೆಲ್ಲ ಉರಿಯಿತು. "ಅಕ್ಕಾರ, ಕೂಡ್ರಿ. ಬಾಗಲದಾಗೇ ಹೇಳಿದ್ನಿಲ್ಲೇನ್ರಿ?"

"ಆಕಿ ನನ್ನ ಮಗಳ್ರಿ. ಐಶೂ. ಆಕಿಗಿ ಏನೋ ಆಗ್ಯಾದ್ರಿ. ಆ ಮಾರಿ ನಾ ಬಲ್ಲೆ."

ಮಗಳು ಅನ್ನುತ್ತಲೇ ಅವನ ಸಿಟ್ಟು ಇಳಿಯಿತು. ತಂಬಿಗೆ ಹಿಡಿದು ರಂಗ ಹತ್ತಿದವಳು ನೆನಪಾಗಿ ತುಟಿಯಲ್ಲಿ ನಗುವೂ ಬಂತು. ಮಕ್ಕಳಿಗೆ ಹೇಳುವ ಹಾಗೆ ಹೇಳಿದ: "ತಾಯಿ ಜೀವ, ಹಂಗೇ ಅನಸ್ತದ್ರಿ. ಅದು ಕಥಿಯೊಳಗ ಅದ, ಖರೇ ಅಲ್ಲ. ನೀವು ಈಗ ಹೋಗಿ ನಿಂತ್ರ ಎಲ್ಲಾರ ಮುಂದ ಆಕಿ ಮರ್ಯಾದಿ ಹೋಗ್ತದ. ಹದಿನಾಲ್ಕು ಆಟ ಕೈ ಬಿಟ್ಟು ಹೋಗ್ತಾವ."

ಆಪಾ ಹಿಂದಕ್ಕೆ ಹೊರಳಿ ಅವಳ ಮುಂಗೈ ಹಿಡಿದುಕೊಂಡರು. "ಬೈಠೋ ಬೇಟಿ. ನಿನ್ನ ಮಗಳು ಭಾಳ ಛಲೋ ಮಾಡಾಕತ್ತಾಳ. ನಾವು ಇದನ್ನ ಎರಡು ಸಲ ನೋಡೀವಿ."

ಅವಳು ರಂಗದ ಕಡೆ ನೋಡಿದಳು. ಆಪಾರ ಬೆಳ್ಳಿ ಕಟ್ಟಿನ ಚಷ್ಮಾ ನೋಡಿದಳು, ಪ್ರೇಮಕುಮಾರನ ಕಿಸೆಯ ಎರಡು ಪೆನ್ನು ನೋಡಿದಳು. ಕೂತಳು. ಆಪಾ ಮುಂಗೈ ಬಿಡಲಿಲ್ಲ.

ಮೂರನೆಯ ಸುತ್ತನ್ನು ಐಶ್ವರ್ಯ ಓಡಲಿಲ್ಲ. ನಾಲ್ಕು ಹೆಜ್ಜೆಗೆ ಬಿದ್ದಳು. ಮೊಣಕೈ ಊರಿ ತೆವಳತೊಡಗಿದಳು. ಮೃದಂಗ ಒಂದು ಕ್ಷಣ ದಾರಿ ತಪ್ಪಿ, ನಿಧಾನಕ್ಕಿಳಿದು, ಅವಳ ಮೊಣಕೈಯನ್ನೇ ಹಿಂಬಾಲಿಸಿತು. ಒಂದು ಕಾಲು ಅವಳ ಹಿಂದೆ ಬೇರೆ ಯಾರದೋ ಎಂಬಂತೆ ಎಳೆದುಕೊಂಡು ಬರುತ್ತಿತ್ತು. ಸಭಾಂಗಣದಲ್ಲಿ ಒಂದು ಕೆಮ್ಮಿಲ್ಲ. ಇಷ್ಟು ವರ್ಷ ಚೀಟಿ ಹಂಚಿದ್ದು ಇವತ್ತು ಸಾರ್ಥಕವಾಯಿತೆಂದುಕೊಂಡ ಪ್ರೇಮಕುಮಾರ. ಅವಳು ಊರಬಾಗಿಲು ಮುಟ್ಟಿ, ಕೈ ಎತ್ತಿ, ಮುಖ ಕೆಳಗಾಗಿ ಬಿದ್ದಳು.

ಪರದೆ ಬಿತ್ತು. ಎದ್ದು ನಿಂತು ಮೊದಲ ಚಪ್ಪಾಳೆ ಹೊಡೆದವನು ಅವನೇ. ಆಮೇಲೆ ಇಡೀ ಸಭಾಂಗಣ ಎದ್ದಿತು. ಆಪಾ ಒಂದೇ ಕೈಯಿಂದ ಚಷ್ಮಾ ಮೇಲೆತ್ತಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಪಾಸ್," ಎಂದರು. "ಫಸ್ಟ್ ಕ್ಲಾಸ್ ಪಾಸ್."

ಅವನು ಒಂದು ಕೈಯಲ್ಲಿ ಮೊಬೈಲು ತೆಗೆದು ಗುಂಪಿಗೆ ಹಾಕಿದ: 'ಮೂರನೆಯ ಸುತ್ತು ಓಡಲಿಲ್ಲ, ತೆವಳಿದಳು! ಎಂಥ ಕಲ್ಪನೆ! ನಾನು ಹೇಳಿರಲಿಲ್ಲವೇ?' ಮತ್ತೆ ಚಪ್ಪಾಳೆಗೆ ಸೇರಿಕೊಂಡ. ನಮಸ್ಕಾರಕ್ಕೆಂದು ಪರದೆ ಏಳಬೇಕಿತ್ತು. ಏಳಲಿಲ್ಲ. ಕಾಯಿಸುತ್ತಿದ್ದಾರೆಂದು ಜನ ಇನ್ನೂ ಜೋರಾಗಿ ತಟ್ಟಿದರು. ಕೊನೆಗೆ ಪರದೆಯ ನಡುವಿನಿಂದ ಗುರುಗಳು ಬಂದರು, ಬರಿಗಾಲಲ್ಲಿ, ಮೈಕಿಲ್ಲದೆ.

"ಇಲ್ಲಿ ಯಾರಾದ್ರೂ ಡಾಕ್ಟರ್ ಅದೀರೇನ್ರಿ?"

ಮಾತು ಕಿವಿಗೆ ಬಿದ್ದ ಮೇಲೂ ಪ್ರೇಮಕುಮಾರನ ಕೈಗಳು ಎರಡು ಸಲ ತಟ್ಟಿದವು. ಹಿಂತಿರುಗಿದರೆ ನಾಲ್ಕನೆಯ ಸಾಲಿನ ಕುರ್ಚಿ ಖಾಲಿ. ಆಪಾರ ಕೈ ಇನ್ನೂ ಕುರ್ಚಿಯ ಬೆನ್ನಿನ ಮೇಲೆ, ಏನನ್ನೋ ಹಿಡಿದುಕೊಂಡ ಹಾಗೆ ಬೆರಳು ಮಡಚಿಕೊಂಡೇ ಇತ್ತು.

ಆಸ್ಪತ್ರೆ ಎರಡು ರಸ್ತೆ ಆಚೆ ಇತ್ತು. ಐಶ್ವರ್ಯಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ ಹೊರತಂದು, ಆಟೋದಲ್ಲಿ ಅಡ್ಡ ಹಾಕಿಕೊಂಡು ತಂದಿದ್ದರು. ಇವರಿಬ್ಬರೂ ಓಡುತ್ತಲೇ ಬಂದರು. ಗುರುಗಳು ಹೊರಗೆ ಕಲಬುರಗಿಗೆ ಒಯ್ಯಲು ಗಾಡಿಗಾಗಿ ಫೋನು ಹಚ್ಚಿದ್ದರು. ಎಳೆಯ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲಿ ನೋಡ್ರಿ, ಕೀಲಿನ ಹತ್ರ. ನೆಗದು ಇಳದಾಗ ಬರೇ ಸೀಳಿರಬೇಕು. ಅವಾಗೇ ನಿಲ್ಲಿಸಿದ್ರ ಆರು ವಾರ ಪ್ಲಾಸ್ಟರ್, ಮುಗೀತಿತ್ತು. ಅದರ ಮ್ಯಾಲ ಮತ್ತ ಓಡ್ಯಾಳ. ಎಲುಬು ಪೂರಾ ಸರಿದು ಹೋಗ್ಯಾದ. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು."

"ಕುಣಿಯೋದು ಸಾಹೇಬ್ರ?" ಆಪಾ ಕೇಳಿದರು.

"ಮೊದ್ಲ ನಡೀಲಿ ಬಿಡ್ರಿ."

ತಾಯಿಯ ಹೆಸರು ಚಂದಮ್ಮ ಎಂದು ಅವರಿಗೆ ಗೊತ್ತಾದದ್ದು ನರ್ಸು ಚೀಟಿ ಬರೆದುಕೊಳ್ಳುವಾಗ. ಚಂದಮ್ಮ ಎಕ್ಸ್‌ರೇ ಕಡೆಗಲ್ಲ, ಪ್ರೇಮಕುಮಾರನ ಕಡೆ ನೋಡುತ್ತಿದ್ದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನನಗ ಒಮ್ಮೆ ಖರೇ ಅನಸ್ತು ನೋಡ್ರಿ," ಎಂದಳು. "ಆದ್ರ ನಾ ಯಾವತ್ತು ಇಂಥಾವು ನೋಡೀನಿ? ನೀವು ಬಲ್ಲವ್ರು, ನಿಮಗ ತಿಳೀತದ ಅಂತ ಕುಂತ್ನಿ."

ಅವನು ಬಾಯಿ ತೆರೆದ. ಆ ಗಂಟಲಲ್ಲಿ ಊರಿನ ಅರ್ಧ ಜನ ಇದ್ದರು, ಪುಢಾರಿಗಳಿದ್ದರು, ಮಾಸ್ತರರಿದ್ದರು. ಇದಕ್ಕೆ ಬೇಕಾದ ಒಂದು ದನಿ ಮಾತ್ರ ಇರಲಿಲ್ಲ. ಕಿಸೆಯಲ್ಲಿ ಮೊಬೈಲು ಗುರ್ರೆನ್ನುತ್ತಲೇ ಇತ್ತು. ತೆಗೆದು ನೋಡಿದ. ಚಪ್ಪಾಳೆಯ ಚಿತ್ರಗಳು, ಹೂವುಗಳು, 'ತೆವಳುವ ಭಾಗದ ವಿಡಿಯೋ ಯಾರ ಹತ್ತಿರವಾದರೂ ಇದೆಯೇ?' ಎಂದು ಗುಂಪಿನ ಧನರಾಜನ ಪ್ರಶ್ನೆ. ತನ್ನ ಮಾತನ್ನು ಅಳಿಸಲು ಬೆರಳು ಹೋಯಿತು, ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಮೊಬೈಲನ್ನೇ ಬಂದ್ ಮಾಡಿದ.

ಆಪಾ ಗೋಡೆಗೆ ಆತು ಕೂತಿದ್ದರು. ತಮ್ಮ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಿದ್ದರು.

"ಅಣ್ಣಾ."

ಐಶ್ವರ್ಯ ಕರೆದಳು. ಸೂಜಿಮದ್ದಿನಿಂದ ಕಣ್ಣು ಅರ್ಧ ಮುಚ್ಚಿತ್ತು, ಕಾಡಿಗೆ ಕಿವಿಯವರೆಗೆ ಇಳಿದಿತ್ತು. ಬಸವಕಲ್ಯಾಣದ ಕಾರ್ಯಕ್ರಮಗಳಲ್ಲಿ ಅವನನ್ನು ಕಂಡು ಗೊತ್ತಿತ್ತು ಅವಳಿಗೆ. "ನೀವು ಮೂರನೇ ಸಾಲಿನ್ಯಾಗ ಇದ್ರೆಲ್ರಿ? ರಂಗದ ಮ್ಯಾಲಿಂದ ನನಗ ಕಂಡೀರಿ. ಹ್ಯಾಂಗಿತ್ರಿ ಮೂರನೇ ಸುತ್ತು? ಓಡಾಕ ಆಗಲಿಲ್ರಿ ನನಗ. ಕೆಟ್ಟು ಹೋತೇನ್ರಿ?"

ಮಂಚದ ಆ ಕಡೆ ಚಂದಮ್ಮ ನಿಂತಿದ್ದಳು. ಅವಳೂ ಅವನ ಉತ್ತರಕ್ಕೆ ಕಾಯುತ್ತಿದ್ದಳು.

"ಆಪಾ ಅತ್ರು," ಎಂದ.

"ಖರೇನ?" ಹುಡುಗಿ ನಕ್ಕಳು. "ಹಂಗಾದ್ರ ಮುಂದ ಬೀದರದಾಗೂ ಪಾತ್ರ ನನಗೇ ಕೊಡ್ತಾರ." ಹಾಗೆನ್ನುತ್ತಲೇ ಕಣ್ಣು ಮುಚ್ಚಿದಳು.

ನರ್ಸು ಸ್ಟೀಲಿನ ಬೋಗುಣಿಯಲ್ಲಿ ನೀರು ತಂದಿಟ್ಟು, "ಕಾಲಿಂದು ಈ ಬಣ್ಣ ತೆಗೀರಿ ಅಕ್ಕಾರ, ಬಾವು ಎಲ್ಲಿತನ ಏರ್ಯಾದ ಒಂದೂ ಕಾಣವಲ್ದು. ಮೆತ್ತಗ, ಅಲುಗಾಡಸಬ್ಯಾಡ್ರಿ," ಎಂದು ಹೋದಳು.

ಪಾದದ ತುಂಬ ಕುಣಿಯುವವರು ಹಚ್ಚುವ ಕೆಂಪು, ಗೆಜ್ಜೆ ಕಟ್ಟಿದಲ್ಲಿ ಮಾತ್ರ ಒಂದು ಬಿಳಿ ಪಟ್ಟಿ. ಚಂದಮ್ಮ ಸೆರಗಿನ ತುದಿ ಅದ್ದಿ, ಬೆರಳಿನಿಂದ ಶುರುಮಾಡಿದಳು. ಪ್ರೇಮಕುಮಾರ ಬೋಗುಣಿ ಎತ್ತಿ ಹಿಡಿದ. ನೀರು ಕೆಂಪಾಯಿತು. ಮೋರಿಗೆ ಚೆಲ್ಲಿ, ಹೊಸ ನೀರು ತುಂಬಿ ತಂದ. ಅದೂ ಕೆಂಪಾಯಿತು. ಹಿಮ್ಮಡಿಯ ಹತ್ತಿರ ಬಣ್ಣ ಹೋಗಿ ಅಡಿಯಿಂದ ನೀಲಿ ಕಂಡಿತು. ಅಲ್ಲಿಂದ ಮೇಲಕ್ಕೆ ಎಷ್ಟು ಒರೆಸಿದರೂ ಕೆಂಪು ಹೋಗಲಿಲ್ಲ, ಸೆರಗಿಗೂ ಹತ್ತಲಿಲ್ಲ. ಅವಳು ಸೆರಗು ಹಿಂಡಿ ಮತ್ತೆ ಅದ್ದಿದಳು. ಅವನು ಬೋಗುಣಿಯನ್ನು ಇನ್ನಷ್ಟು ಹತ್ತಿರ ಹಿಡಿದ.