ಎರಡು ನಕ್ಷತ್ರ, ಒಂದೇ ದಿನ

ಕೆಂಪು ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗಲು ಕೂದಲೆಳೆಯಷ್ಟು ಬಾಕಿ ಇರುವಾಗ ನಿಂತಿದೆ, ಕಾತ್ಯಾಯಿನಿ ಮೇಡಂ ಅದನ್ನು ಬ್ಲೇಡಿನಿಂದಲೇ ಹೆರೆಯುತ್ತಾರೆ, ಶಾರ್ಪನರಿಗೆ ಹಾಕಿದ್ರೆ ಮುರಿಯುತ್ತೆ ಕಣೋ ಅನ್ನುತ್ತಾರೆ, ಸೂಜಿಯ ಹಾಗಿರಬೇಕು ಅವರಿಗೆ — ಇದೇ ಮೊನೆ ಮೊನ್ನೆ ನನ್ನ ಗ್ರಾಫಿನ ಮೇಲೆ ನಡೆಯುತ್ತಾ ಹೋಗಿ ಫೆಬ್ರವರಿ ಹನ್ನೊಂದರ ಚುಕ್ಕೆಯ ಮೇಲೆ ನಿಂತಿತ್ತು, ಇಲ್ಲಿಂದ ಏರಿದೆ ನೋಡು ಭಾರ್ಗವ, ಆಮೇಲೆ ಇನ್ನೊಂದು ಹಾಳೆ, ಇನ್ನೊಂದು ನಕ್ಷತ್ರ, ಅದೇ ಹನ್ನೊಂದು, ಅದೇ ಏರು. ಎರಡು ನಕ್ಷತ್ರ ಒಂದೇ ದಿನ ಎಡವಲ್ಲಪ್ಪ, ಎಡವಿರೋದು ನಮ್ಮ ಗಡಿಯಾರ. ನಮ್ಮ ಅಂದರು, ನಿನ್ನ ಅನ್ನಲಿಲ್ಲ. ಪತ್ರಿಕೆಗೆ ಕಳಿಸಿದ ನಮ್ಮ ಸಂಶೋಧನಾ ಪ್ರಬಂಧ ಒಪ್ಪಿಗೆಯಾದ ಮೇಲೂ ಯಾರು ಹೀಗೆ ಎರಡನೇ ನಕ್ಷತ್ರವನ್ನು ತೆಗೆದು ನೋಡುತ್ತಾರೆ, ಯಾರೂ ಕೇಳಿರಲಿಲ್ಲ, ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಇವರು ನೋಡಿದರು, ಆ ಮೊದಲನೇ ನಕ್ಷತ್ರವನ್ನಂತೂ ಹದಿಮೂರು ವರ್ಷದಿಂದ ನೋಡುತ್ತಲೇ ಇದ್ದಾರೆ, ಸತ್ತ ನಕ್ಷತ್ರದ ಒಂದು ಗುಂಡು, ಕತ್ರಿಗುಪ್ಪೆಯಿಂದ ಹುಳಿಮಾವಿಗೆ ಹೋಗಿ ಬಂದಷ್ಟೇ ಅದರ ಅಡ್ಡಗಲ, ಸೂರ್ಯನಿಗಿಂತ ಭಾರ, ಸೆಕೆಂಡಿಗೆ ಇನ್ನೂರೆಪ್ಪತ್ತು ಸುತ್ತು, ಬೆಳಿಗ್ಗೆಯ ಟ್ರಾಫಿಕ್ಕಿನಲ್ಲಿ ಹುಳಿಮಾವಿಗೆ ಒಂದೂವರೆ ಗಂಟೆ, ಅಷ್ಟರಲ್ಲಿ ಅದು ಹದಿನಾಲ್ಕೂವರೆ ಲಕ್ಷ ಸಲ ತಿರುಗಿರುತ್ತದೆ, ಒಂದನ್ನೂ ತಪ್ಪದೆ, ಪ್ರತಿ ಸುತ್ತಿಗೂ ಒಂದು ರೇಡಿಯೋ ಮಿಡಿತ. ಅಂಥದ್ದು ದಿಢೀರನೆ ವೇಗ ಹೆಚ್ಚಿಸಿಕೊಂಡಿತು ಎಂದು ಬರೆದವನು ನಾನು, ಇಂಥ ನಕ್ಷತ್ರಗಳಲ್ಲಿ ಬಲು ಅಪರೂಪ ಎಂದೂ ಬರೆದೆ, ಛೆ, ಅಷ್ಟು ನಂಬಿಗಸ್ತ ಜೀವದ ಮೇಲೆ ಚಾಡಿ ಹೇಳಿದ ಹಾಗೆ.

ದೂರದರ್ಶಕದ ಗಡಿಯಾರ ಎಷ್ಟು ಹಿಂದು ಮುಂದಾಗಿದೆ ಎಂಬ ಕೋಷ್ಟಕವನ್ನು ಪ್ರತಿ ತಿಂಗಳೂ ತಂದು ಸೇರಿಸಬೇಕು, ನನ್ನ ಕೆಲಸ ಅದು, ಕೋಷ್ಟಕ ಮುಗಿದರೆ ತಂತ್ರಾಂಶ ಕೂಗಿಕೊಳ್ಳುವುದಿಲ್ಲ, ಸುಮ್ಮನೆ ಸೊನ್ನೆ ಹಾಕಿಕೊಂಡು ಮುಂದೆ ಹೋಗುತ್ತದೆ, ಫೆಬ್ರವರಿ ಹನ್ನೊಂದಕ್ಕೆ ಅದು ಮುಗಿದಾಗ ತಂಗಿ ಶ್ವೇತಾಳ ಮದುವೆ, ಛತ್ರದಲ್ಲಿ ನಾನು ಬಡಿಸುವವರ ಹಿಂದೆ ಓಡುತ್ತಿದ್ದೆ, ಆಮೇಲೆ ಮರೆತೆ, ಮರೆತದ್ದನ್ನೂ ಮರೆತೆ. ಗಡಿಯಾರ ನೋಡಿದ್ಯೇನೋ ಎಂದು ಮೇಡಂ ಕೇಳಿದ್ದರು. ಹೂಂ ಅಂದಿದ್ದೆ. ನೋಡದೆ. ಜಯನಗರದ ಮೇಡಂ ಮನೆಯ ಈ ಊಟದ ಮೇಜಿನ ಮೇಲೇ, ಇದೇ ಸ್ಟೀಲ್ ಲೋಟ ಹಿಡಿದು. ಈಗ ಅವರ ಅಕ್ಕ ವಿಮಲಾ ಆಂಟಿ ಕಾಫಿ ಲೋಟ ಇಡುತ್ತಿದ್ದಾರೆ, ತಿರುಗೋದು ಆ ನಕ್ಷತ್ರ, ತಲೆ ಸುತ್ತಿದೋರ ಥರ ಕೂತಿರೋದು ನೀವಿಬ್ರೂ, ಕುಡೀರಿ, ಆರಿಹೋಗತ್ತೆ. ಲೋಟದ ಪಕ್ಕದಲ್ಲೇ ಪತ್ರ, ಪ್ರಬಂಧವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂಬ ಪತ್ರ, ರಾತ್ರಿ ನಾನೇ ಬರೆದದ್ದು, ನಾಲ್ಕನೇ ಸಾಲಿನಲ್ಲಿ, ಗಡಿಯಾರದ ತಿದ್ದುಪಡಿಯನ್ನು ಸೇರಿಸದೆ ಬಿಟ್ಟವನು ಭಾರ್ಗವ, ಆ ಹೆಸರಿನ ಮೇಲೇ ಮೊನೆ ನಿಂತಿರುವುದು. ಇದನ್ನ ಹೊಡೆದು ನನ್ನ ಹೆಸರು ಹಾಕ್ತೀನಿ, ಅನ್ನುತ್ತಿದ್ದಾರೆ ಮೇಡಂ, ತರಕಾರಿ ಪಟ್ಟಿ ತಿದ್ದುವ ದನಿಯಲ್ಲಿ, ನಿನ್ನ ಗೈಡ್ ನಾನು, ನಾನೇ ನೋಡ್ಬೇಕಿತ್ತು, ಮುಂದಿನ ತಿಂಗಳು ರಿಟೈರ್ ಆಗೋಳು, ನನ್ನ ಯಾರು ಏನು ಮಾಡ್ತಾರೆ, ನಿನ್ನ ಫೆಲೋಶಿಪ್ ಇಂಟರ್ವ್ಯೂ ಸೋಮವಾರ ತಾನೆ? ಸೋಮವಾರ. ಈ ಪ್ರಬಂಧ ನೋಡಿಯೇ ಕರೆದದ್ದು ಅವರು, ಪ್ರಬಂಧ ಹೋದರೂ ತಪ್ಪು ಹಿರಿಯರದ್ದು ಎಂದಾದರೆ ಬಾ ಅನ್ನಬಹುದು, ನನ್ನದು ಎಂದಾದರೆ ಇಲ್ಲ, ಎರಡು ವರ್ಷದ ಕೆಲಸ, ಬೇಕು ನನಗೆ, ತುಂಬಾ ಬೇಕು. ಹದಿಮೂರು ವರ್ಷ ಒಂದು ಮಿಡಿತವನ್ನೂ ಸುಳ್ಳು ಎಣಿಸದ ಕೈ, ಬೆರಳ ಗೆಣ್ಣಿನಲ್ಲಿ ಕೆಂಪು ಪುಡಿ, ಮೊದಲನೇ ಸುಳ್ಳನ್ನು ನನಗೋಸ್ಕರ ಬರೆಯಲು ಸಿದ್ಧವಾಗಿದೆ. ಹಾಕ್ಲೇನೋ? ಒಂದು ಹೂಂ ಸಾಕು, ಅವತ್ತು ಅಂದ ಹಾಗೆ, ನೋಡದೆ — ನೋಡುತ್ತಿದ್ದೇನೆ, ಮೊನೆ, ನನ್ನ ಹೆಸರು, ನಡುವೆ ಕೂದಲೆಳೆ, ಕೆಂಪು ಮೊನೆ, ಸೂಜಿಯ ಹಾಗೆ, ಮೊನೆ — ಬೇಡ ಮೇಡಂ, ಅಂದೆ.